ಕೋರ್ಟ್ ಅಂಚಿನಲ್ಲಿ ಕೂತು ಬ್ಯಾಸ್ಕೆಟ್‌ಬಾಲ್ ತೆಗೆಯುವವರಿಗೆ: ದೂರ ಅಳೆಯಿರಿ, ಲೆನ್ಸ್ ಆರಿಸಿ, ಬಾಡಿ ಆಮೇಲೆ

ವೃತ್ತಿಪರ ಲೀಗ್ ಪಂದ್ಯಕ್ಕೆ ಮೊದಲ ಸಲ ಬೇಸ್‌ಲೈನ್ ಪಾಸ್, ಅಂದರೆ ರಿಂಗಿನ ಹಿಂದಿನ ಕೊನೆಗೆರೆಯ ಬಳಿ ಕೂರುವ ಅನುಮತಿ ಸಿಕ್ಕಿದವರು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ್, 400 ಎಂಎಂ ಲೆನ್ಸ್ ಬಾಡಿಗೆಗೆ ತಗೊಳ್ಳಲಾ?’ ಬೇಡ ಅಂದರೆ ಅವರಿಗೆ ನಿರಾಸೆ. ಕ್ರೀಡಾ ಫೋಟೊ ಎಂದರೆ ಮಾರುದ್ದದ ಲೆನ್ಸ್ ಎಂಬುದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಫುಟ್‌ಬಾಲಿಗೆ, ಕ್ರಿಕೆಟ್ಟಿಗೆ ಅದು ಸರಿಯೇ. ಬ್ಯಾಸ್ಕೆಟ್‌ಬಾಲಿನಲ್ಲಿ ಎರಡು ಮೀಟರ್ ಎತ್ತರದ ಆಟಗಾರ ನಿಮ್ಮ ಮೊಣಕಾಲಿಗೆ ಶೂ ಸವರಿಕೊಂಡು ಹೋಗುತ್ತಾನೆ. ಅಲ್ಲಿ 400 ಎಂಎಂ ಹಿಡಿದು ಕೂರುವುದೆಂದರೆ ಎದುರಿಗೆ ಕೂತವರನ್ನು ದುರ್ಬೀನು ಹಾಕಿಕೊಂಡು ಮಾತಾಡಿಸಿದ ಹಾಗೆ.

ಆದ್ದರಿಂದ ನಾನು ಸಲಕರಣೆಯ ಮಾತು ಎತ್ತುವ ಮೊದಲು ಅವರನ್ನೇ ಒಂದು ಪ್ರಶ್ನೆ ಕೇಳುತ್ತೇನೆ: ಎಲ್ಲಿ ಕೂರಿಸುತ್ತಾರಂತೆ? ಬೇಸ್‌ಲೈನಿನಲ್ಲೋ, ಪಕ್ಕದ ಗೆರೆಯ ಬಳಿಯೋ, ಮೇಲಿನ ಸ್ಟ್ಯಾಂಡಿನಲ್ಲೋ? ಕೂರುವ ಜಾಗ ಗೊತ್ತಾದರೆ ದೂರ ಗೊತ್ತಾಗುತ್ತದೆ, ದೂರದಿಂದ ಲೆನ್ಸ್, ಲೆನ್ಸಿನಿಂದ ಬೆಳಕಿನ ಲೆಕ್ಕ. ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಸರದಿ ಕೊನೆಗೆ. ಬಹುತೇಕರು ಹೊಸ ಬಾಡಿ ಕೊಂಡು, ಉಳಿದ ದುಡ್ಡಿಗೆ ಬರುವ ಲೆನ್ಸ್ ಹುಡುಕುತ್ತಾರೆ. ಇದು ತಲೆಕೆಳಗಾದ ಕ್ರಮ.

ಕೋರ್ಟಿನ ಅಳತೆ, ಲೆನ್ಸಿನ ಅಳತೆ

ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಕೋರ್ಟ್ 94 ಅಡಿಗೆ 50 ಅಡಿ, ಅಂದರೆ 28.65 ಮತ್ತು 15.24 ಮೀಟರ್. ಕ್ಯಾಮೆರಾದ ದೃಷ್ಟಿಯಿಂದ ಎರಡೂ ಒಂದೇ. ರಿಂಗ್ ನೆಲದಿಂದ 3.05 ಮೀಟರ್ ಮೇಲಿದೆ. ಅದರ ನಡುಬಿಂದು ಬೇಸ್‌ಲೈನಿನಿಂದ ಸುಮಾರು 1.6 ಮೀಟರ್ ಒಳಗೆ ಬರುತ್ತದೆ. ಮೂರು ಅಂಕದ ಗೆರೆ ರಿಂಗ್‌ನಿಂದ ಫಿಬಾದಲ್ಲಿ 6.75 ಮೀಟರ್, ಎನ್‌ಬಿಎಯಲ್ಲಿ ನಡುಭಾಗದಲ್ಲಿ 7.24 ಮೀಟರ್. ಈ ನಾಲ್ಕಾರು ಅಂಕಿಗಳು ನೆನಪಿದ್ದರೆ ಸಾಕು, ಯಾವ ಬ್ರೋಷರನ್ನೂ ತೆರೆಯಬೇಕಿಲ್ಲ.

ಫೋಟೊಗ್ರಾಫರ್‌ಗಳನ್ನು ಸಾಮಾನ್ಯವಾಗಿ ಬೇಸ್‌ಲೈನಿನ ಹಿಂದೆ, ರಿಂಗಿನ ಕಂಬದ ಎರಡೂ ಬದಿಗೆ ಕೂರಿಸುತ್ತಾರೆ. ಕಂಬಕ್ಕೆ ಅಂಟಿಕೊಂಡಂತೆ ಅಲ್ಲ. ವೇಗವಾಗಿ ಬಂದ ಆಟಗಾರ ಓಡಿ ನಿಲ್ಲಲು ಅಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಎನ್‌ಬಿಎ 2014-15ರ ಋತುವಿನಲ್ಲಿ ಆ ಜಾಗವನ್ನು ಇನ್ನಷ್ಟು ಅಗಲ ಮಾಡಿ, ಬೇಸ್‌ಲೈನಿನಲ್ಲಿ ಕೂರುವ ಫೋಟೊಗ್ರಾಫರ್‌ಗಳ ಸಂಖ್ಯೆಯನ್ನು ಕಡಿಮೆ ಮಾಡಿತು. ಹೀಗಾಗಿ ನೀವು ರಿಂಗ್‌ನಿಂದ ಮೂರರಿಂದ ಐದು ಮೀಟರ್ ಪಕ್ಕಕ್ಕೆ ಇರುತ್ತೀರಿ ಅಂದುಕೊಳ್ಳಿ.

ಈಗ ಒಂದು ಸಣ್ಣ ಗುಣಾಕಾರ. ಬ್ಯಾಸ್ಕೆಟ್‌ಬಾಲಿನ ಹೆಚ್ಚಿನ ಚಿತ್ರಗಳು ಕ್ಯಾಮೆರಾವನ್ನು ವರ್ಟಿಕಲ್ ಹಿಡಿದು ತೆಗೆದವು, ಏಕೆಂದರೆ ಆಟವೇ ಮೇಲಕ್ಕೆ ಬೆಳೆಯುವಂಥದ್ದು. ಫುಲ್ ಫ್ರೇಮ್ ಸೆನ್ಸರನ್ನು ಹಾಗೆ ತಿರುಗಿಸಿದಾಗ ಅದರ ಎತ್ತರ 36 ಎಂಎಂ. ಈ 36ನ್ನು ಆಟಗಾರನ ದೂರದಿಂದ ಗುಣಿಸಿ, ಚಿತ್ರದೊಳಗೆ ಎಷ್ಟು ಮೀಟರ್ ಎತ್ತರ ಬೇಕೋ ಅದರಿಂದ ಭಾಗಿಸಿ. ಬಂದ ಉತ್ತರವೇ ನಿಮಗೆ ಬೇಕಾದ ಫೋಕಲ್ ಲೆಂತ್, ಅಂದರೆ ಲೆನ್ಸಿನ ಮೇಲೆ ಬರೆದಿರುವ ಎಂಎಂ ಅಂಕಿ. ಸೆನ್ಸರ್ ಚಿಕ್ಕದಿರುವ ಎಪಿಎಸ್-ಸಿ ಬಾಡಿಯಾದರೆ 36ರ ಜಾಗಕ್ಕೆ 24 ಹಾಕಿಕೊಳ್ಳಿ.

ಡಂಕ್, ಅಂದರೆ ಜಿಗಿದು ಚೆಂಡನ್ನು ಕೈಯಿಂದಲೇ ರಿಂಗಿನೊಳಗೆ ತುರುಕುವುದನ್ನು ತೆಗೆದುಕೊಳ್ಳಿ. ದೂರ ನಾಲ್ಕು ಮೀಟರ್. ಗಾಳಿಯಲ್ಲಿರುವ ಪಾದದಿಂದ ರಿಂಗಿನ ಮೇಲಿನ ಕೈವರೆಗೆ, ಸುತ್ತ ಸ್ವಲ್ಪ ಗಾಳಿಯೂ ಸೇರಿ ಮೂರೂವರೆ ಮೀಟರ್ ಬೇಕು. ಉತ್ತರ 41 ಎಂಎಂ. ಹೌದು, ನಲವತ್ತೊಂದು. ಫ್ರೀ ಥ್ರೋ ಗೆರೆಯ ಬಳಿ ಜಿಗಿದು ಹೊಡೆಯುವವನು ನಿಮ್ಮಿಂದ ಕರ್ಣರೇಖೆಯಲ್ಲಿ ಏಳು ಮೀಟರ್, 2.7 ಮೀಟರ್ ಎತ್ತರ ಸಾಕು: 93 ಎಂಎಂ. ಮೂರು ಅಂಕದ ಗೆರೆಯ ನಡುಭಾಗ ಸುಮಾರು ಹತ್ತು ಮೀಟರ್: 133 ಎಂಎಂ. ಅರ್ಧ ಕೋರ್ಟಿನಲ್ಲಿ ಚೆಂಡು ಬಡಿಯುತ್ತಾ ಬರುವ ಪಾಯಿಂಟ್ ಗಾರ್ಡ್ ಹದಿನೈದು ಮೀಟರ್: ಸರಿಯಾಗಿ 200 ಎಂಎಂ. ಆ ತುದಿಯ ರಿಂಗ್ ಇಪ್ಪತ್ತೆಂಟು ಮೀಟರ್ ಅಂದರೂ, ಡಂಕಿನ ಮೂರೂವರೆ ಮೀಟರಿಗೆ 288 ಎಂಎಂ ಸಾಕು.

ಇಡೀ ಕೋರ್ಟಿನಲ್ಲಿ ಎಲ್ಲಿಯೂ ಉತ್ತರ 400 ಬರಲಿಲ್ಲ ಎಂಬುದನ್ನು ಗಮನಿಸಿ.

ಹತ್ತಿರದ ಲೆನ್ಸಿಗೇ ಮರ್ಯಾದೆ

24-70 ಎಂಎಂ ಎಫ್/2.8 (ಎಫ್ ಅಂಕಿ ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆ ಎಂಬುದರ ಅಳತೆ, ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು). ಬೇಸ್‌ಲೈನಿನಲ್ಲಿ ನನಗೆ ಅನ್ನ ಹಾಕಿದ್ದು ಇದು. ಲೇಅಪ್, ಬ್ಲಾಕ್, ರೀಬೌಂಡಿಗೆ ನಾಲ್ಕು ಕೈ ಏಳುವುದು, ಫೌಲ್ ಆಗಿ ನೆಲಕ್ಕೆ ಬಿದ್ದವನ ಮುಖ, ಇವೆಲ್ಲ ಎರಡರಿಂದ ಆರು ಮೀಟರ್ ಒಳಗೆ ನಡೆಯುತ್ತವೆ. 70-200 ಕಣ್ಣಿಗೆ ಹಚ್ಚಿಕೊಂಡು ಕೂತವರಿಗೆ ಈ ಹೊತ್ತಿನಲ್ಲಿ ಮೊಣಕೈ, ಜೆರ್ಸಿಯ ನಂಬರು, ಅರ್ಧ ಕಿವಿ ಸಿಗುತ್ತದೆ. ನಾಲ್ಕು ಮೀಟರಿನಲ್ಲಿ 70 ಎಂಎಂ ಕೂಡ ವರ್ಟಿಕಲ್‌ನಲ್ಲಿ ಎರಡು ಮೀಟರ್ ಎತ್ತರವನ್ನಷ್ಟೇ ಹಿಡಿಯುತ್ತದೆ. ಆಟಗಾರನ ಸೊಂಟದಿಂದ ರಿಂಗ್‌ವರೆಗೆ, ಅಷ್ಟೇ. ಪಾದ ನೆಲ ಬಿಟ್ಟಿದೆ ಎಂದು ಕಾಣದ ಜಿಗಿತ ಜಿಗಿತವೇ ಅಲ್ಲ ಎಂಬುದು ನನ್ನ ಮೊಂಡು ಅಭಿಪ್ರಾಯ.

ಹಾಗಂತ 70-200 ಎಫ್/2.8 ಬೇಡವೇ? ಬೇಕೇಬೇಕು, ಆದರೆ ಎರಡನೇ ಬಾಡಿಯಲ್ಲಿ. ಆಟ ಆಚೆ ತುದಿಯಿಂದ ನಿಮ್ಮ ಕಡೆ ಬರುವಾಗ, ಅರ್ಧ ಕೋರ್ಟಿನಲ್ಲಿ ಗಾರ್ಡ್ ಕೈಬೀಸಿ ಆಟ ಹೂಡುವಾಗ, ಟೈಮ್‌ಔಟಿನಲ್ಲಿ ಕೋಚ್ ಕಿರುಚುವಾಗ, ಆಚೆ ಬದಿಯ ಬೆಂಚು ಎದ್ದು ಕುಣಿಯುವಾಗ ಅದು ಕೆಲಸಕ್ಕೆ ಬರುತ್ತದೆ. ಆಟ ಮೂರು ಅಂಕದ ಗೆರೆ ದಾಟಿ ಒಳಬಂದ ಕೂಡಲೇ ಅದನ್ನು ಮಡಿಲಿಗೆ ಇಳಿಸಿ ಚಿಕ್ಕ ಲೆನ್ಸ್ ಎತ್ತಿಕೊಳ್ಳಬೇಕು. ಈ ಅದಲುಬದಲು ಕೈಗೆ ಕೂರಲು ಕೆಲವು ಪಂದ್ಯ ಬೇಕಾಗುತ್ತದೆ. ಎರಡೂ ಬಾಡಿ ಒಂದೇ ಕಂಪನಿಯದಾಗಿದ್ದು, ಗುಂಡಿಗಳು ಒಂದೇ ಜಾಗದಲ್ಲಿದ್ದರೆ ಬೇಗ ಕೂರುತ್ತದೆ.

ಒಂದೇ ಬಾಡಿ ಇರುವವರ ಪಾಡೇನು? ಸೋನಿ ಅಥವಾ ನಿಕಾನ್ ಮೌಂಟ್ ಇದ್ದರೆ ಟ್ಯಾಮ್ರಾನ್ 35-150 ಎಂಎಂ ಎಫ್/2-2.8 ನೋಡಿ. ಸೋನಿಗೆ 2021ರಲ್ಲಿ, ನಿಕಾನ್ ಝಡ್ ಮೌಂಟಿಗೆ 2023ರಲ್ಲಿ ಬಂತು. ಮೇಲಿನ ಗುಣಾಕಾರದಲ್ಲಿ ಬಂದ 41, 93, 133 ಮೂರೂ ಅದರೊಳಗೇ ಇವೆ. ಬೇಸ್‌ಲೈನಿಗೆಂದೇ ಅಳತೆ ಕೊಟ್ಟು ಮಾಡಿಸಿದಂತಿದೆ. ತೂಕ ಒಂದು ಕಿಲೋಗಿಂತ ಹೆಚ್ಚು, ಆದರೆ ಎರಡು ಬಾಡಿಯ ಭಾರ ಉಳಿಯಿತಲ್ಲ. ಕ್ಯಾನನ್ ಬಳಸುವವರಿಗೆ ಆರ್‌ಎಫ್ 28-70 ಎಂಎಂ ಎಫ್/2 ಇದೆ, 1430 ಗ್ರಾಂ. ಅದರ ಬೆಳಕು ಅದ್ಭುತ, ಮಣಿಕಟ್ಟಿಗೆ ಮಾತ್ರ ಶಿಕ್ಷೆ. ಸೋನಿಯ 28-70 ಎಫ್/2 ಅದೇ ಕೆಲಸವನ್ನು 918 ಗ್ರಾಂನಲ್ಲಿ ಮಾಡುತ್ತದೆ.

ಕೈ ಬಿಗಿಯಾಗಿದ್ದರೆ ಜೂಮ್ ಆಸೆ ಬಿಟ್ಟು 85 ಎಂಎಂ ಎಫ್/1.8 ಮತ್ತು 50 ಎಂಎಂ ಎಫ್/1.8 ತೆಗೆದುಕೊಳ್ಳಿ. ಹೆಚ್ಚಿನ ಕಂಪನಿಗಳಲ್ಲಿ ಇವೇ ಅಗ್ಗದ ಸಾಲಿನ ಲೆನ್ಸುಗಳು. ಎಫ್/2.8ಕ್ಕೆ ಹೋಲಿಸಿದರೆ ಒಂದೂಕಾಲು ಸ್ಟಾಪ್‌ಗಿಂತ (ಒಂದು ಸ್ಟಾಪ್ ಎಂದರೆ ಎರಡರಷ್ಟು ಬೆಳಕು) ಸ್ವಲ್ಪ ಹೆಚ್ಚೇ ಬೆಳಕು ಕೊಡುತ್ತವೆ, ಅಂದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 2500 ಬೇಕಿದ್ದ ಕಡೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದು ಎಚ್ಚರ: ಐದು ಮೀಟರ್ ದೂರದಲ್ಲಿ 85 ಎಂಎಂ ಅನ್ನು ಎಫ್/1.8ರಲ್ಲಿ ತೆರೆದರೆ ಫೋಕಸ್ ಇರುವ ಆಳ ಸುಮಾರು 37 ಸೆಂಟಿಮೀಟರ್. ಮುಖ ಚೊಕ್ಕ, ಮುಂದೆ ಚಾಚಿದ ಕೈಯಲ್ಲಿನ ಚೆಂಡು ಮಬ್ಬು. ನಾನು ಎಫ್/2.2ಗೆ ಇಳಿಸಿ ಬಳಸುತ್ತೇನೆ.

ಪಕ್ಕದ ಗೆರೆಯ ಬಳಿ ಕೂತರೆ ಲೆಕ್ಕ ಬೇರೆ. ಆಗ 70-200 ರಾಜ, 24-70 ಮಂತ್ರಿ. ಮೇಲಿನ ಸ್ಟ್ಯಾಂಡಿನಲ್ಲಿ ಜಾಗ ಕೊಟ್ಟರೆ ಮಾತ್ರ 300 ಎಂಎಂ ಎಫ್/2.8 ಅಥವಾ ಕ್ಯಾನನ್ ಆರ್‌ಎಫ್ 100-300 ಎಂಎಂ ಎಫ್/2.8 ಥರದವಕ್ಕೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಅದನ್ನೂ ಬಾಡಿಗೆಗೆ ತನ್ನಿ.

ಬಹಳ ಅಗಲದ 16-35 ಎಂಎಂ? ಬ್ಯಾಗಿನಲ್ಲಿ ಇರಲಿ. ಪಂದ್ಯಕ್ಕೆ ಮುಂಚೆ ದೀಪ ಆರಿಸಿ ಆಟಗಾರರನ್ನು ಪರಿಚಯಿಸುವಾಗ, ಗೆದ್ದ ಮೇಲೆ ಎಲ್ಲರೂ ಕೋರ್ಟಿಗೆ ನುಗ್ಗಿದಾಗ ಉಪಯೋಗ. ಆಟದ ನಡುವೆ ಅದರಲ್ಲಿ ಚೆಂಡು ಕಡಲೆಕಾಳಿನಷ್ಟು ಕಾಣುತ್ತದೆ.

ಎಫ್/2.8ಗೆ ಯಾಕೆ ಇಷ್ಟು ಹಟ

ಟಿವಿ ಪ್ರಸಾರ ಇರುವ ದೊಡ್ಡ ಅರೀನಾಗಳಲ್ಲಿ ಬೆಳಕು ಚೆನ್ನಾಗಿರುತ್ತದೆ. ಶಟರ್ ವೇಗ 1/1000 ಸೆಕೆಂಡು, ಎಫ್/2.8, ಐಎಸ್‌ಒ 1600ರಿಂದ 3200ರ ನಡುವೆ ಎಲ್ಲೋ ಒಂದು ಕಡೆ ಸರಿಹೋಗುತ್ತದೆ. ಚಿಕ್ಕ ಲೀಗ್‌ಗಳ ಹಾಲುಗಳಲ್ಲಿ ಅದೇ ಚಿತ್ರಕ್ಕೆ ಐಎಸ್‌ಒ 6400 ಕೇಳಬಹುದು. 1/1000 ಯಾಕೆಂದರೆ, ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಹೋಗುವ ಚೆಂಡು ಆ ಅವಧಿಯಲ್ಲಿ ಒಂದು ಸೆಂಟಿಮೀಟರ್ ಸರಿಯುತ್ತದೆ. ಕಣ್ಣಿಗೆ ಅದು ನಿಂತಂತೆಯೇ. 1/500ಕ್ಕೆ ಇಳಿದರೆ ದೇಹ ಚೊಕ್ಕವಿದ್ದರೂ ಬೆರಳು, ಚೆಂಡು, ಬಲೆ ಅಳಿಸಿದಂತಾಗುತ್ತವೆ. ಕೆಲವರಿಗೆ ಆ ಚಲನೆ ಇಷ್ಟ. ಪತ್ರಿಕೆಯ ಡೆಸ್ಕಿನವರಿಗೆ ಇಷ್ಟವಿಲ್ಲ.

ಈಗ ಎಫ್/4 ಲೆನ್ಸ್ ಹಾಕಿ: ಐಎಸ್‌ಒ 2500 ಇದ್ದದ್ದು 5000. ಉದ್ದಕ್ಕೆ ಎಳೆದಾಗ ಎಫ್/5.6 ಆಗುವ ಜೂಮ್ ಹಾಕಿ: 10000. ಈಗಿನ ಸೆನ್ಸರ್‌ಗಳು, ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗಳು 10000ವನ್ನೂ ನುಂಗಿಕೊಳ್ಳುತ್ತವೆ, ಆದ್ದರಿಂದ ಕಾಳು ಕಾಳಾಗುತ್ತದೆ ಎಂಬ ಹೆದರಿಕೆ ಮೊದಲಿನಷ್ಟು ಇಲ್ಲ. ನನ್ನ ತಕರಾರು ಹಿನ್ನೆಲೆಯ ಬಗ್ಗೆ. ಬ್ಯಾಸ್ಕೆಟ್‌ಬಾಲಿನಲ್ಲಿ ಆಟಗಾರನ ಹಿಂದೆ ಖಾಲಿ ಹಸಿರು ಮೈದಾನ ಇರುವುದಿಲ್ಲ. ಪ್ರೇಕ್ಷಕರು, ಪಾಪ್‌ಕಾರ್ನ್ ಡಬ್ಬ, ಮೊಬೈಲ್ ನೋಡುತ್ತಾ ಕೂತವನು, ಹೊಳೆಯುವ ಎಲ್‌ಇಡಿ ಜಾಹೀರಾತು, ಎಲ್ಲವೂ ಕೈಗೆಟುಕುವಷ್ಟು ಹತ್ತಿರ. 200 ಎಂಎಂ, ಹದಿನೈದು ಮೀಟರ್, ಎಫ್/2.8 ಅಂದರೆ ಫೋಕಸಿನ ಆಳ ಒಂದು ಮೀಟರಿನೊಳಗೆ, ಎಫ್/5.6 ಆದರೆ ಎರಡು ಮೀಟರಿನ ಹತ್ತಿರ, ಹಿಂದಿನ ಸಾಲಿನವರ ಮುಖಗಳು ಗುರುತು ಸಿಗಲು ಶುರುವಾಗುತ್ತವೆ. ನಾಯ್ಸ್ ತೆಗೆಯಬಹುದು. ಹಿಂದೆ ಆಕಳಿಸುತ್ತಿರುವವನನ್ನು ತೆಗೆಯುವಂತಿಲ್ಲ. ಪತ್ರಿಕಾ ಫೋಟೊದಲ್ಲಿ ಅಳಿಸುವುದು ನಿಷಿದ್ಧ.

ಬೇಸ್‌ಲೈನಿನಿಂದ ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹೊಡೆಯುವ ಯೋಚನೆ ಬೇಡವೇ ಬೇಡ. ಆಟಗಾರರ ಕಣ್ಣಿಗೆ ಹೊಡೆಯುತ್ತದೆ, ನಿಮ್ಮನ್ನು ಎಬ್ಬಿಸಿ ಕಳಿಸುತ್ತಾರೆ. ದೊಡ್ಡ ಅರೀನಾಗಳ ಅಧಿಕೃತ ಚಿತ್ರಗಳಲ್ಲಿ ಕಾಣುವ ಆ ಚೊಕ್ಕ ಬೆಳಕು ಬೇರೆ ವ್ಯವಸ್ಥೆ: ಚಾವಣಿಯ ನಡೆದಾರಿಯಲ್ಲಿ ಕಟ್ಟಿದ ಸ್ಟ್ರೋಬ್‌ಗಳು, ಅಂದರೆ ಭಾರಿ ಫ್ಲ್ಯಾಶ್‌ಗಳು, ರೇಡಿಯೊ ಟ್ರಿಗರಿನಿಂದ ಉರಿಯುವಂಥವು. ಅವುಗಳಿಗೆ ಕ್ಯಾಮೆರಾವನ್ನು 1/250ರ ಸುತ್ತ ಇಟ್ಟು, ಐಎಸ್‌ಒ ಕೆಳಗಿಳಿಸುತ್ತಾರೆ. ಚಲನೆಯನ್ನು ನಿಲ್ಲಿಸುವುದು ಶಟರ್ ಅಲ್ಲ, ಸ್ಟ್ರೋಬಿನ ಚಿಕ್ಕ ಮಿಂಚು. ಒಂದು ಸಲ ಉರಿದ ಮೇಲೆ ಮತ್ತೆ ತುಂಬಿಕೊಳ್ಳಲು ಸಮಯ ಬೇಕು, ಹಾಗಾಗಿ ಒಂದು ಡಂಕಿಗೆ ಒಂದೇ ಚಿತ್ರ. ಬೇರೆಯವರ ಸ್ಟ್ರೋಬ್ ಉರಿದ ಕ್ಷಣದಲ್ಲೇ ನೀವು 1/1000ರಲ್ಲಿ ಒತ್ತಿದರೆ ನಿಮ್ಮ ಚಿತ್ರದಲ್ಲಿ ಅಡ್ಡಲಾಗಿ ಒಂದು ಬೆಳ್ಳನೆಯ ಪಟ್ಟಿ ಬರುತ್ತದೆ. ಕ್ಯಾಮೆರಾ ಕೆಟ್ಟಿತು ಎಂದು ಗಾಬರಿಯಾಗಬೇಡಿ.

ಬಾಡಿ: ಸೆಕೆಂಡಿಗೆ ಎಷ್ಟು ಎಂಬುದಕ್ಕಿಂತ ಹೇಗೆ ಎಂಬುದು

ಎಲ್ಲರೂ ಮೊದಲು ನೋಡುವುದು ಸೆಕೆಂಡಿಗೆ ಎಷ್ಟು ಚಿತ್ರ ಎಂದು. ಹತ್ತು ಚಿತ್ರದ ವೇಗದಲ್ಲಿ ಎರಡು ಚಿತ್ರಗಳ ನಡುವೆ ಆ ಚೆಂಡು ಒಂದು ಮೀಟರ್ ಹೋಗಿರುತ್ತದೆ. ಮೂವತ್ತರಲ್ಲಿ 33 ಸೆಂಟಿಮೀಟರ್. ಅಂದರೆ ಮೂವತ್ತಿದ್ದರೂ ಚೆಂಡು ಬೆರಳ ತುದಿ ಬಿಡುವ ಕ್ಷಣ ತಪ್ಪಿಸಿಕೊಳ್ಳಬಹುದು. ಹನ್ನೆರಡು ಚಿತ್ರದ ಕ್ಯಾಮೆರಾ ಹಿಡಿದು, ಜಿಗಿತದ ನೆತ್ತಿಗೆ ಕಾದು ಒತ್ತುವವರು ಮೂವತ್ತರ ಮೆಷಿನ್ ಗನ್ನಿನವರಿಗಿಂತ ಒಳ್ಳೆಯ ಚಿತ್ರ ತಂದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಜೊತೆಗೆ, ರಾತ್ರಿ ಕೂತು ಆರಿಸುವವರು ಯಾರು?

ನಾನು ನೋಡುವುದು ಸೆನ್ಸರ್ ತನ್ನ ಸಾಲುಗಳನ್ನು ಓದಿ ಮುಗಿಸುವ ವೇಗವನ್ನು. ಎಲೆಕ್ಟ್ರಾನಿಕ್ ಶಟರಿನಲ್ಲಿ ಚಿತ್ರ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಓದಲ್ಪಡುತ್ತದೆ. ಅದಕ್ಕೆ 15 ಮಿಲಿಸೆಕೆಂಡು ಹಿಡಿಯುವ ಕ್ಯಾಮೆರಾದಲ್ಲಿ, ಅಷ್ಟರೊಳಗೆ ಆ ಚೆಂಡು 15 ಸೆಂಟಿಮೀಟರ್ ಸರಿದಿರುತ್ತದೆ. ಚೆಂಡಿನ ವ್ಯಾಸವೇ ಸುಮಾರು 24 ಸೆಂಟಿಮೀಟರ್. ಚೌಕಟ್ಟಿನ ತುಂಬ ಚೆಂಡೇ ಇರುವುದಿಲ್ಲವಾದ್ದರಿಂದ ಪೂರ್ತಿ ಅಷ್ಟು ಕೆಡುವುದಿಲ್ಲ, ಆದರೂ ಹತ್ತಿರದ ಪಾಸಿನಲ್ಲಿ ಅದು ಮೊಟ್ಟೆಯಾಕಾರ ತಾಳುತ್ತದೆ, ಬೀಸಿದ ಕೈ ಬಾಗುತ್ತದೆ. ಅಂಥ ಬಾಡಿಯಲ್ಲಿ ಮೆಕ್ಯಾನಿಕಲ್ ಶಟರ್ ಹಾಕಿಕೊಳ್ಳಿ. ಚಿತ್ರದ ಸಂಖ್ಯೆ ಕಡಿಮೆಯಾದರೂ ಆಕಾರ ಉಳಿಯುತ್ತದೆ. ಮಧ್ಯಮ ದರ್ಜೆಯ ಬಾಡಿಗಳ ಪೆಟ್ಟಿಗೆಯ ಮೇಲೆ ಬರೆದಿರುವ ‘ಸೆಕೆಂಡಿಗೆ 40’ ಎಂಬುದು ಹೆಚ್ಚಾಗಿ ಎಲೆಕ್ಟ್ರಾನಿಕ್ ಶಟರಿನ ಲೆಕ್ಕ ಎಂಬುದನ್ನು ಓದಿಕೊಂಡು ಕೊಳ್ಳಿ.

ಸ್ಟ್ಯಾಕ್ಡ್ ಸೆನ್ಸರಿನ ಬಾಡಿಗಳು, ಅಂದರೆ ನಿಕಾನ್ ಝಡ್9, ಝಡ್8, ಸೋನಿ ಎ1, ಕ್ಯಾನನ್ ಆರ್3, ಆರ್1 ಮುಂತಾದವು ನಾಲ್ಕೈದು ಮಿಲಿಸೆಕೆಂಡಿನೊಳಗೆ ಓದಿ ಮುಗಿಸುತ್ತವೆ. ಝಡ್9ರಲ್ಲಂತೂ ಮೆಕ್ಯಾನಿಕಲ್ ಶಟರೇ ಇಲ್ಲ. ಸೋನಿ 2023ರ ನವೆಂಬರಿನಲ್ಲಿ ಘೋಷಿಸಿದ ಎ9 ಸರಣಿಯ ಮೂರನೇ ಕ್ಯಾಮೆರಾ ಇನ್ನೂ ಒಂದು ಹೆಜ್ಜೆ ಮುಂದೆ: ಗ್ಲೋಬಲ್ ಶಟರ್, ಎಲ್ಲ ಸಾಲುಗಳೂ ಏಕಕಾಲಕ್ಕೆ. ಚೆಂಡು ದುಂಡಗೇ ಇರುತ್ತದೆ, ಎಲ್‌ಇಡಿ ಫಲಕದ ಪಟ್ಟೆಗಳ ಕಾಟ ಇಲ್ಲ, ಯಾವ ಶಟರ್ ವೇಗದಲ್ಲೂ ಸ್ಟ್ರೋಬ್ ಹೊಂದುತ್ತದೆ. ಬದಲಿಗೆ ಅದರ ಕನಿಷ್ಠ ಸಹಜ ಐಎಸ್‌ಒ 250, ಮತ್ತು ಹೆಚ್ಚಿನ ಐಎಸ್‌ಒನಲ್ಲಿ ಸ್ವಲ್ಪ ಹೆಚ್ಚು ನಾಯ್ಸ್. ಚೆನ್ನಾಗಿ ಬೆಳಗಿದ ಅರೀನಾದಲ್ಲಿ ಈ ಕೊರತೆ ನನಗೆ ತೊಂದರೆ ಅನಿಸುವುದಿಲ್ಲ.

ಎಲ್‌ಇಡಿ ಪಟ್ಟೆಯ ಮಾತು ಬಂತು. ಕೋರ್ಟ್ ಸುತ್ತಲಿನ ಜಾಹೀರಾತು ಫಲಕಗಳು, ಸ್ಕೋರ್‌ಬೋರ್ಡ್ ಎಲ್ಲವೂ ಕಣ್ಣಿಗೆ ಕಾಣದ ವೇಗದಲ್ಲಿ ಹೊತ್ತಿ ಆರುತ್ತಿರುತ್ತವೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಆ ಫಲಕಗಳ ಮೇಲೆ ಕಪ್ಪು ಗೆರೆಗಳು ಬರುತ್ತವೆ. ಶಟರ್ ವೇಗವನ್ನು ತೀರಾ ಸಣ್ಣ ಹೆಜ್ಜೆಗಳಲ್ಲಿ ಸರಿಹೊಂದಿಸುವ ಸೌಲಭ್ಯ ಈಗಿನ ಮೂರೂ ಕಂಪನಿಗಳ ಮೇಲ್ದರ್ಜೆಯ ಬಾಡಿಗಳಲ್ಲಿ ಇದೆ. ಆರಿಸುವಾಗ ಅದು ಇದೆಯೇ ಎಂದು ಕೇಳಿ. ಆಟಗಾರರು ಬೆವರಿಳಿಸಲು ಕೋರ್ಟಿಗೆ ಬಂದಾಗ ಫಲಕದ ಕಡೆ ನಾಲ್ಕು ಚಿತ್ರ ಒತ್ತಿ, ದೊಡ್ಡದು ಮಾಡಿ ನೋಡಿದರೆ ಆ ರಾತ್ರಿಯ ಹಣೆಬರಹ ತಿಳಿಯುತ್ತದೆ.

ಆಟೊಫೋಕಸ್ ಬಗ್ಗೆ ನನ್ನ ಕೇಳಿಕೆ ಒಂದೇ. ರೆಫರಿ ಅಡ್ಡ ಬಂದರೆ, ಡಿಫೆಂಡರಿನ ಕೈ ಲೆನ್ಸ್ ಮುಂದೆ ಹಾದರೆ, ಫೋಕಸ್ ಮೊದಲಿನವನನ್ನೇ ಹಿಡಿದುಕೊಂಡಿರಬೇಕು. ಹತ್ತು ಜನ ಒಂದು ಕೋಣೆಯಷ್ಟು ಜಾಗದಲ್ಲಿ ಗಿರಕಿ ಹೊಡೆಯುವ ಆಟ ಇದು. ಕಣ್ಣು ಗುರುತಿಸುವ ಸೌಲಭ್ಯ ಒಬ್ಬನೇ ಇದ್ದಾಗ ಚೆನ್ನ, ರಿಂಗಿನ ಕೆಳಗಿನ ಗುಂಪಿನಲ್ಲಿ ಅದು ಹತ್ತಿರದವನ ಕಣ್ಣಿಗೆ ನೆಗೆಯುತ್ತದೆ. ಅಡ್ಡ ಬಂದದ್ದಕ್ಕೆ ಎಷ್ಟು ಬೇಗ ಪ್ರತಿಕ್ರಿಯಿಸಬೇಕು ಎಂದು ಹೊಂದಿಸುವ ಆಯ್ಕೆ ಇರುವ ಬಾಡಿಯನ್ನೇ ನೋಡಿ, ಅದನ್ನು ನಿಧಾನದ ಕಡೆಗೆ ಇಡಿ, ಚಿಕ್ಕ ಗುಂಪಿನ ಫೋಕಸ್ ಬಿಂದು ಬಳಸಿ. ಕ್ಯಾನನ್ 2024ರಲ್ಲಿ ತಂದ ಆರ್1 ಮತ್ತು ಆರ್5 ಮಾರ್ಕ್ 2ರಲ್ಲಿ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್, ವಾಲಿಬಾಲ್‌ಗೆಂದೇ ಒಂದು ವಿಧಾನ ಇದೆ. ಚೆಂಡು ಮತ್ತು ಮೈಯ ಭಂಗಿ ನೋಡಿ ಆಟದ ಕೇಂದ್ರ ಯಾರು ಎಂದು ಅದೇ ಊಹಿಸುತ್ತದೆ. ಹೊಡೆಯುವವನ ವಿಷಯದಲ್ಲಿ ಅದರ ಊಹೆ ಚೆನ್ನಾಗಿದೆ. ಆದರೆ ನಿಮಗೆ ಬೇಕಾದದ್ದು ಡಿಫೆಂಡರಿನ ಮುಖವಾಗಿದ್ದರೆ?

ಗುಂಡಿ ಪೂರ್ತಿ ಒತ್ತುವ ಮೊದಲಿನ ಚಿತ್ರಗಳನ್ನೂ ಉಳಿಸಿಕೊಡುವ ಸೌಲಭ್ಯ ಇತ್ತೀಚಿನ ಬಾಡಿಗಳಲ್ಲಿದೆ. ಆರ್1ರಲ್ಲಿ ಅರ್ಧ ಸೆಕೆಂಡು, ಸೋನಿಯ ಮೂರನೇ ಎ9ರಲ್ಲಿ ಒಂದು ಸೆಕೆಂಡಿನವರೆಗೆ. ಝಡ್9ರಲ್ಲಿ ಇದು ಜೆಪೆಗ್‌ಗೆ ಮಾತ್ರ. ಹಠಾತ್ತನೆ ಆಗುವ ಬ್ಲಾಕಿಗೆ ಇದು ವರ. ಇಡೀ ಪಂದ್ಯ ಚಾಲೂ ಇಟ್ಟರೆ ಕಾರ್ಡ್ ತುಂಬಿ ನೀವು ಕಂಗಾಲು. ಒಂದು ಗುಂಡಿಗೆ ಜೋಡಿಸಿಟ್ಟುಕೊಂಡು ಬೇಕಾದಾಗ ಮಾತ್ರ ತೆರೆಯುವುದು ನನ್ನ ರೂಢಿ.

ಮೆಗಾಪಿಕ್ಸೆಲ್? 24 ಸಾಕು. 45 ಇದ್ದರೆ ಒಂದು ಲಾಭ: ಆಚೆ ತುದಿಯ ಡಂಕನ್ನು 200 ಎಂಎಂನಲ್ಲಿ ತೆಗೆದು ಎರಡೂ ಬದಿ ಅರ್ಧದಷ್ಟು ಕತ್ತರಿಸಿದರೂ ಹನ್ನೊಂದು ಮೆಗಾಪಿಕ್ಸೆಲ್ ಉಳಿಯುತ್ತದೆ. 24ರಲ್ಲಿ ಹಾಗೆ ಮಾಡಿದರೆ ಆರು. ಅದೂ ಪತ್ರಿಕೆಗೆ, ಮೊಬೈಲ್ ಪರದೆಗೆ ಸಾಲುತ್ತದೆ.

ನಾನು ಕನ್ನಡಕ ಹಾಕುವವನು, ಎಡಗಣ್ಣಿನಲ್ಲಿ ನೋಡುವವನು. ಅಂಗಡಿಯಲ್ಲಿ ವ್ಯೂಫೈಂಡರಿಗೆ ಕಣ್ಣಿಟ್ಟಾಗ ನಾಲ್ಕೂ ಮೂಲೆ ಕಾಣುತ್ತದೆಯೇ, ಮೂಗು ಪರದೆಯನ್ನು ಮುಟ್ಟಿ ಫೋಕಸ್ ಬಿಂದು ಓಡಿಸುತ್ತದೆಯೇ ಎಂದು ನೋಡುತ್ತೇನೆ. ಯಾವ ವಿಮರ್ಶೆಯಲ್ಲೂ ಇದು ಬರೆದಿರುವುದಿಲ್ಲ. ವರ್ಟಿಕಲ್ ಹಿಡಿತ ಇರುವ ಬಾಡಿ ಅಥವಾ ಬ್ಯಾಟರಿ ಗ್ರಿಪ್ ಅನ್ನು ಮಾತ್ರ ನಾನು ಐಷಾರಾಮ ಎನ್ನುವುದಿಲ್ಲ. ಎರಡು ಗಂಟೆ ಬಲ ಮೊಣಕೈ ಎತ್ತಿಕೊಂಡು ಕೂತರೆ ಪಕ್ಕದವನ ಕಿವಿಗೂ ಅಪಾಯ.

ಗಾಜಿನ ಹಿಂದಿನ ಕ್ಯಾಮೆರಾ

ಬೋರ್ಡಿನ ಗಾಜಿನ ಹಿಂದೆ ಕಟ್ಟಿದ ರಿಮೋಟ್ ಕ್ಯಾಮೆರಾದ ಚಿತ್ರ ನೋಡಿದ ಮೇಲೆ ಎಲ್ಲರಿಗೂ ಅದರ ಆಸೆ. ಅನುಮತಿ ಇಲ್ಲದೆ ಅದರ ಮಾತೇ ಇಲ್ಲ. ಸಿಕ್ಕರೆ ಪ್ರೇಕ್ಷಕರು ಬರುವ ಮುಂಚೆ ಕಟ್ಟಿ, ಅವರು ಹೋದ ಮೇಲೆ ಬಿಚ್ಚಬೇಕು. ಹಾಗಾಗಿ ಅದಕ್ಕೆ ಮೂರನೇ ಬಾಡಿಯೇ ಬೇಕು. ಅದು ಹಳೆಯ ಡಿಎಸ್‌ಎಲ್‌ಆರ್ ಆದರೆ ಒಳ್ಳೆಯದು: ಬ್ಯಾಟರಿ ಗಂಟೆಗಟ್ಟಲೆ ಬಾಳುತ್ತದೆ, ನಿದ್ದೆಯಿಂದ ಏಳಲು ತಡಮಾಡುವುದಿಲ್ಲ, ಚೆಂಡು ಬಡಿದರೂ ಹೊಟ್ಟೆ ಉರಿಯುವುದಿಲ್ಲ. 24 ಎಂಎಂನಷ್ಟು ಅಗಲದ ಲೆನ್ಸ್, ಗಾಜಿಗೆ ಒತ್ತಿದಂತೆ, ಸುತ್ತ ಕಪ್ಪು ಬಟ್ಟೆ. ಇಲ್ಲದಿದ್ದರೆ ಚಾವಣಿಯ ದೀಪಗಳೆಲ್ಲ ಗಾಜಿನಲ್ಲಿ ಕೂರುತ್ತವೆ. ಫೋಕಸನ್ನು ರಿಂಗಿನ ಮೇಲೆ ಇಟ್ಟು, ಆಟೊ ಬಂದ್ ಮಾಡಿ, ರಿಂಗನ್ನು ಟೇಪಿನಿಂದ ಬಿಗಿಯಿರಿ. ಇಲ್ಲಿ ರಿಂಗ್ ಅಂದರೆ ಲೆನ್ಸಿನದು. ಬಾಡಿಗೆ, ಲೆನ್ಸಿಗೆ, ಹಿಡಿದ ತೋಳಿಗೆ ಪ್ರತ್ಯೇಕ ಉಕ್ಕಿನ ಸುರಕ್ಷಾ ತಂತಿ ಕಡ್ಡಾಯ.

ಟ್ರಿಗರ್ ಕೊಳ್ಳುವಾಗ ಒಂದು ವಿಷಯ. ಪಾಕೆಟ್‌ವಿಜಾರ್ಡ್‌ನಂಥ ರೇಡಿಯೊಗಳ ಅಮೆರಿಕದ ಮಾದರಿ, ಯುರೋಪಿನ ಮಾದರಿ ಬೇರೆ ಬೇರೆ ತರಂಗಾಂತರದವು, ಒಂದಕ್ಕೊಂದು ಕೇಳಿಸುವುದಿಲ್ಲ. ಹಳೆಯದನ್ನು ಕೊಳ್ಳುವವರು ಹಿಂಬದಿ ಓದಿ ನೋಡಿ. ಪಂದ್ಯದ ದಿನ ಚಾನೆಲ್ ಯಾವುದು ಎಂದು ಉಳಿದವರನ್ನು ಕೇಳಿಕೊಳ್ಳಿ. ನಿಮ್ಮ ಗುಂಡಿಯಿಂದ ಇನ್ನೊಬ್ಬರ ಸ್ಟ್ರೋಬ್ ಉರಿದರೆ ಆ ಬೇಸ್‌ಲೈನಿನಲ್ಲಿ ನಿಮ್ಮ ಹೆಸರು ಬಹಳ ದಿನ ಉಳಿಯುತ್ತದೆ, ಒಳ್ಳೆಯ ಕಾರಣಕ್ಕಲ್ಲ.

ನೆಲದ ಮೇಲೆ ಕೂರುವವರಿಗೆ ಬೇಕಾದದ್ದು

ನೀವು ಚಕ್ಕಳಮಕ್ಕಳ ಹಾಕಿ ಕೂತಿರುತ್ತೀರಿ, ನೂರು ಕಿಲೋ ತೂಕದ ಮನುಷ್ಯ ಪೂರ್ತಿ ವೇಗದಲ್ಲಿ ನಿಮ್ಮ ಕಡೆ ಬರುತ್ತಾನೆ. ಸಲಕರಣೆ ಆರಿಸುವಾಗ ಇದನ್ನು ಮರೆಯುವವರೇ ಹೆಚ್ಚು. ಮೋನೊಪಾಡ್ ಬೇಡ. ಗೆರೆಯ ಕಡೆ ಚಾಚಿಕೊಂಡ ಬ್ಯಾಗ್, ತೆರೆದ ಲ್ಯಾಪ್‌ಟಾಪ್ ಬೇಡ. ಎರಡನೇ ಬಾಡಿಯ ಪಟ್ಟಿಯನ್ನು ಬಿಚ್ಚಿಡಿ. ಜೋತುಬಿದ್ದ ಪಟ್ಟಿಗೆ ಆಟಗಾರನ ಕಾಲು ಸಿಕ್ಕಿದರೆ ಅವನ ಋತುವೇ ಮುಗಿಯಬಹುದು. ಆ ಬಾಡಿ ಮಡಿಲಲ್ಲಿ ಅಥವಾ ತೊಡೆಯ ಪಕ್ಕ ಇರಲಿ, ಎಂದೂ ಮುಂದೆ ಅಲ್ಲ. ಲೆನ್ಸ್ ಹುಡ್ ಹಾಕಿಯೇ ಇರಲಿ, ಬೆಳಕಿಗೆ ಅಲ್ಲ, ಪೆಟ್ಟು ತಿನ್ನಲು. ಆಟಗಾರ ನೇರ ನಿಮ್ಮ ಮೇಲೆ ಬರುತ್ತಿದ್ದಾನೆ ಎಂದಾಗ ಚಿತ್ರದ ಆಸೆ ಬಿಟ್ಟು ಕ್ಯಾಮೆರಾ ಎದೆಗೆ ಒತ್ತಿಕೊಂಡು ಪಕ್ಕಕ್ಕೆ ವಾಲಿ. 35-150ರಂಥ ಒಂದೇ ಲೆನ್ಸಿನ ಪರವಾಗಿ ನಾನು ವಾದಿಸುವುದಕ್ಕೆ ಇದೂ ಒಂದು ಕಾರಣ: ನೆಲದ ಮೇಲೆ ಸಾಮಾನು ಕಡಿಮೆ.

ಕಾರ್ಡಿನ ವಿಷಯ ಚಿಕ್ಕದು. ವೇಗದ ಬಾಡಿಗಳಿಗೆ ಸಿಎಫ್‌ಎಕ್ಸ್‌ಪ್ರೆಸ್. ಸೋನಿಗೆ ಎ ಮಾದರಿ, ಕ್ಯಾನನ್-ನಿಕಾನ್‌ಗೆ ಬಿ ಮಾದರಿ. ಎರಡನೇ ಸ್ಲಾಟಿನಲ್ಲಿ ನಕಲು. ಪತ್ರಿಕೆ, ಏಜೆನ್ಸಿಗೆ ಕಳಿಸುವವರು ಜೆಪೆಗ್‌ನಲ್ಲೇ ತೆಗೆಯುವುದು ವಾಡಿಕೆ. ಟೈಮ್‌ಔಟ್ ಆದಾಗ ಎರಡು ಚಿತ್ರ ಗುರುತು ಹಾಕಿ ಕಳಿಸಬೇಕು, ಆಗ ಸಂಸ್ಕರಿಸದ ದೊಡ್ಡ ರಾ ಫೈಲಿನ ಸಹವಾಸ ಆಗದು. ಬಾಡಿಯಲ್ಲೇ ಲ್ಯಾನ್ ಪೋರ್ಟ್ ಇದ್ದರೆ ಉತ್ತಮ, ಸಾವಿರಾರು ಮೊಬೈಲ್ ಇರುವ ಅರೀನಾದಲ್ಲಿ ವೈಫೈ ನಂಬಬಾರದು. ಪಂದ್ಯದ ಗಡಿಯಾರ 40 ಅಥವಾ 48 ನಿಮಿಷ ಎಂದರೂ ನೀವು ಅಲ್ಲಿರುವುದು ಎರಡು ಗಂಟೆಗಿಂತ ಹೆಚ್ಚು; ಚಿಕ್ಕ ಬಾಡಿಯವರು ಎರಡನೇ ಬ್ಯಾಟರಿ ಜೇಬಿನಲ್ಲಿ ಇಟ್ಟುಕೊಳ್ಳಿ, ಬ್ಯಾಗಿನಲ್ಲಲ್ಲ. ಆಟ ನಡೆಯುವಾಗ ಬ್ಯಾಗ್ ಕೈಗೆ ಸಿಗುವುದಿಲ್ಲ.

ಹೀಗಾಗಿ ಕೊಳ್ಳುವ ಕ್ರಮ ಕೇಳಿದರೆ ನಾನು ಹೇಳುವುದು ಇದು. ಈಗಿರುವ ಬಾಡಿಗೇ ಮೊದಲು 35-150 ಅಥವಾ 24-70 ಎಫ್/2.8, ಅದೂ ಆಗದಿದ್ದರೆ 85, 50. ಆಮೇಲೆ ಬಳಸಿದ 70-200 ಎಫ್/2.8, ಹಿಂದಿನ ಪೀಳಿಗೆಯದಾದರೂ ಪರವಾಗಿಲ್ಲ. ಆಮೇಲೆ ಅದನ್ನು ಹಾಕಲು ಎರಡನೇ ಬಾಡಿ, ಅದೇ ಕಂಪನಿಯದು. ಸ್ಟ್ಯಾಕ್ಡ್ ಸೆನ್ಸರ್ ಅದರ ನಂತರದ ಮಾತು. ಇವೆಲ್ಲಕ್ಕಿಂತ ಮುಂಚೆ, ಇವತ್ತೇ, ಕೂರಲು ಎರಡು ಬೆರಳು ದಪ್ಪದ ಒಂದು ಗಟ್ಟಿ ಫೋಮಿನ ತುಂಡು ಕತ್ತರಿಸಿಟ್ಟುಕೊಳ್ಳಿ. ಮೂರನೇ ಕ್ವಾರ್ಟರಿಗೆ ಬೆನ್ನು ಹಿಡಿದುಕೊಂಡರೆ ಯಾವ ಲೆನ್ಸನ್ನೂ ನೆಟ್ಟಗೆ ಎತ್ತಲಾಗುವುದಿಲ್ಲ.